ಒತ್ತದೇ ಉಳಿದ ಗುಂಡಿ

"ಅಕ್ಕಾ, ಅಪ್ಪ ಮತ್ತೆ ಅದೇ ಕಣಿವೆಗೆ ಹೊರಟಿದ್ದಾನೆ. ಒಬ್ನೇ ಅಲ್ಲ, ನಿನ್ ಮಗಳನ್ನ ಕರ್ಕೊಂಡು."

ಬ್ರೈಡಿಯ ಕೈಲಿದ್ದ ಆಲೂಗಡ್ಡೆ ಸಿಂಕಿಗೆ ಬಿತ್ತು. "ಯಾರ್ ಹೇಳಿದ್ದು?"

"ಟಿಲ್ಲಿನೇ. ತಾತ ಮೊಮ್ಮಗಳು ಆಗ್ಲೇ ಟೆಂಟ್ ಹರವಿ ಒಣಗ್ಸಿದಾರೆ. ಕ್ರಿಸ್‌ಮಸ್ ಮುಗಿದ್ಮೇಲೆ ಹೊರಡೋದಂತೆ." ತಮ್ಮ ಲಾಕಿ ಬಾಗಿಲಲ್ಲೇ ಬೂಟು ಬಿಚ್ಚುತ್ತಿದ್ದವನು ಅಕ್ಕನ ಮುಖ ನೋಡಿ ಮತ್ತೆ ಹಾಕಿಕೊಂಡ.

ಅದೇ ಕಣಿವೆ ಅಂದರೆ ಅಮ್ಮ ಹೋದ ಕಣಿವೆ. ಕ್ರಿಸ್‌ಮಸ್ ಹೊತ್ತಿಗೆ ಬರುವ ಇಲ್ಲಿನ ಪ್ರತಿ ಬೇಸಿಗೆಗೂ ಮನೆಮಂದಿಯೆಲ್ಲ ಟೆಂಟು ಹಾಕುತ್ತಿದ್ದ ಜಾಗ. ಮೊಬೈಲಿಗೆ ಸಿಗ್ನಲ್ ಇಲ್ಲ, ರಸ್ತೆಗೆ ಬರಬೇಕಾದರೆ ಇಡೀ ದಿನ ನಡೆಯಬೇಕು. ಎರಡು ವರ್ಷದ ಕೆಳಗೆ ಅಮ್ಮ ಮೇವಿಸ್ ಅಲ್ಲಿ ಹೊಳೆಗಲ್ಲಿನ ಮೇಲೆ ಜಾರಿ ಸೊಂಟ ಮುರಿದುಕೊಂಡಳು. ಅಪ್ಪ ಡರ್ಮಟ್‌ನ ಜೇಬಿನಲ್ಲಿ ಬಾಡಿಗೆಗೆ ತಂದ ಹಳದಿ ಬೀಕನ್ ಇತ್ತು. ಆಂಟೆನಾ ಎಬ್ಬಿಸಿ ಗುಂಡಿ ಒತ್ತಿದರೆ ಸಾಕು, ಉಪಗ್ರಹಕ್ಕೆ ಸುದ್ದಿ ಮುಟ್ಟಿ ಹೆಲಿಕಾಪ್ಟರ್ ಬರುತ್ತದೆ.

ಅವನು ಒತ್ತಲಿಲ್ಲ. ಒತ್ತಿದರೆ ಬರುವವರು ಯಾರು? ಊರಿನ ಹುಡುಕಾಟದ ತಂಡದವರು. ಹಾಲು ಕರೆಯುವುದನ್ನು ಬಿಟ್ಟು, ಅಂಗಡಿ ಮುಚ್ಚಿ, ಸಂಬಳವಿಲ್ಲದೆ ಓಡಿಬರುವ ನೆರೆಹೊರೆಯವರು. ಡರ್ಮಟ್ ತಾನೇ ಆ ತಂಡದಲ್ಲಿ ಕೂದಲು ಹಣ್ಣಾಗುವವರೆಗೆ ದುಡಿದವನು. ಸಣ್ಣಪುಟ್ಟದ್ದಕ್ಕೆಲ್ಲ ಕರೆಯುವವರನ್ನು ಪಬ್ಬಿನಲ್ಲಿ ಕೂತು ಆಡಿಕೊಂಡವನು. ಸಾಲದ್ದಕ್ಕೆ ಅವತ್ತು ತಂಡದ ಮುಖ್ಯಸ್ಥ ಐವರ್‌ನ ಮಗಳ ಮದುವೆ. ಕುಣಿಯುತ್ತಿರುವವರನ್ನು ಕರೆಯುವುದೇ? ಬೆಳಗಾಗಲಿ, ಏನಾಗಲ್ಲ ಬಿಡು ಅಂದುಕೊಂಡ. ನ್ಯೂಜಿಲೆಂಡಿನ ಈ ಪಶ್ಚಿಮ ಕರಾವಳಿಯಲ್ಲಿ ಮಳೆ ಹಿಡಿದರೆ ಹಿಡಿಯಿತು. ಅವತ್ತು ರಾತ್ರಿಯಿಡೀ ಸುರಿಯಿತು. ಬೆಳಗ್ಗೆ ಒತ್ತಿದ. ಅಷ್ಟರಲ್ಲಿ ಮೇವಿಸ್ ತಣ್ಣಗಾಗಿದ್ದಳು. ಹೆಲಿಕಾಪ್ಟರಿನಿಂದ ಇಳಿದ ಐವರ್‌ನ ಅಂಗಿಗೆ ಮದುವೆಮನೆಯ ಹೂವು ಇನ್ನೂ ಸಿಕ್ಕಿಕೊಂಡೇ ಇತ್ತಂತೆ.

ಅಕ್ಕ ತಮ್ಮ ಅಪ್ಪನ ಮನೆಗೆ ಹೋದಾಗ ಡರ್ಮಟ್ ಅಂಗಳದಲ್ಲಿ ಕೂತು ಟೆಂಟಿನ ಗೂಟಗಳ ತುಕ್ಕು ತಿಕ್ಕುತ್ತಿದ್ದ. ಟಿಲ್ಲಿ ಟೆಂಟಿನೊಳಗಿದ್ದಳು.

"ನಂಗೆ ಯಾವಾಗ ಹೇಳೋಣ ಅಂತಿದ್ದೆ?" ಎಂದಳು ಬ್ರೈಡಿ.

"ಇವತ್ತೇ. ಅಜ್ಜಿ ಜಾಗ ನೋಡ್ಬೇಕು ಅಂದ್ಲು ಮಗು. ಇಲ್ಲ ಅನ್ನೋಕಾಗ್ಲಿಲ್ಲ."

"ಏನಾದ್ರೂ ಆದ್ರೆ ಕರೆಯೋಕೆ ಏನ್ ಹಿಡ್ಕೊಂಡು ಹೋಗ್ತೀಯ?"

"ಮಾತಾಡೋ ರೇಡಿಯೋ. ಮರಕ್ಕೆ ತಂತಿ ಕಟ್ಟಿದ್ರಾಯ್ತು. ಸಂಜೆ ರೇಡಿಯೋ ಕೇಂದ್ರದವರೇ ಕಾಡಲ್ಲಿರೋ ಒಬ್ಬೊಬ್ಬರನ್ನೂ ಕರೆದು ಹೆಂಗಿದೀರ ಅಂತ ಕೇಳ್ತಾರೆ."

"ಕೇಳ್ತಾರೆ. ನೀನು ಚೆನ್ನಾಗಿದೀವಿ ಅಂತೀಯ. ಕಾಲು ಮುರಿದಿದ್ರೂ ಹಂಗೇ ಅಂತೀಯ."

"ಸಿಗ್ನಲ್ ಇಲ್ದಿದ್ರೂ ಉಪಗ್ರಹದಿಂದ ಮೆಸೇಜ್ ಕಳ್ಸೋ ಡಬ್ಬಿ ಬಂದಿದ್ಯಲ್ಲ, ಅದನ್ನ ಕೊಡೋಣ" ಎಂದ ಲಾಕಿ. "ನಾವೂ ಕೇಳ್ಬಹುದು, ಅವನೂ ಹೇಳ್ಬಹುದು."

"ಇವನು ಹೇಳೋದಾ?" ಎಂದಳು ಬ್ರೈಡಿ ತಮ್ಮನಿಗೆ. "ನಿನ್ ಮದುವೆ ಮುರಿದಾಗ ನೀನು ಫೋನ್ ಮಾಡಿದ್ರೆ ಹವಾಮಾನ ಹೇಳ್ದ."

"ಹವಾಮಾನ ಸರಿಯಾಗೇ ಹೇಳ್ದ."

"ಬೀಕನ್ನೇ ಆಗ್ಬೇಕು" ಎಂದಳು ಬ್ರೈಡಿ. "ಅದಕ್ಕೆ ಚೆನ್ನಾಗಿದೀವಿ ಅನ್ನೋಕೆ ಬರಲ್ಲ. ಆದ್ರೆ ಅಪ್ಪ, ಒತ್ತೀಯಾ?"

ಡರ್ಮಟ್‌ನ ಮಣಿಕಟ್ಟಿನ ಮೇಲೆ ನುಸಿ ಕೂತು ರಕ್ತ ಹೀರುತ್ತಿತ್ತು. ಅವನು ಓಡಿಸಲಿಲ್ಲ.

"ಅವತ್ತೂ ಒತ್ತೀನಿ ಅಂತ್ಲೇ ಇದ್ದೆ. ಆಂಟೆನಾ ಎಬ್ಸಿದ್ದೆ ಕೂಡ. ನಿಮ್ಮಮ್ಮನೇ ಕೈ ಹಿಡ್ಕೊಂಡ್ಲು. ಪಾಪ, ಮದುವೆ ಮನೆ, ಬೇಡ ಅಂದ್ಲು."

ಬ್ರೈಡಿ ಇದನ್ನು ಕೇಳಿದ್ದು ಇದೇ ಮೊದಲು. "ಎರಡು ವರ್ಷ ಯಾಕೆ ಬಾಯಿ ಬಿಡ್ಲಿಲ್ಲ? ಊರೆಲ್ಲ ನಿನ್ನೇ ಅಂತಿತ್ತು. ನಾನೂ ಅಂದೆ."

"ಹೇಳಿದ್ರೆ ಸತ್ತವಳ ತಲೆಗೆ ಕಟ್ಟಿದಂಗಾಗಲ್ವಾ? ಅವಳು ಬೇಡ ಅಂದ್ರೂ ನಾನು ಒತ್ಬೇಕಿತ್ತು."

ತಾನು ಬಿದ್ದಿದ್ದರೂ ಅಮ್ಮನ ಮಾತನ್ನೇ ಆಡುತ್ತಿದ್ದೆ ಎಂದು ಬ್ರೈಡಿಗೆ ಹೊಳೆಯಿತು.

"ನನ್ ಕೈಗೆ ಕೊಡ್ಬೇಡ" ಎಂದ ಡರ್ಮಟ್. "ಟಿಲ್ಲಿ ಕುತ್ತಿಗೆಗೆ ಹಾಕು. ಅವಳಿಗಿನ್ನೂ ನಮ್ಮ ಸಂಕೋಚ ಅಂಟಿಲ್ಲ."

ಟೆಂಟಿನೊಳಗಿಂದ ದನಿ ಬಂತು. "ಒತ್ತಿದ್ರೆ ನೀನು ಬೈದ್ರೆ, ತಾತ?"

"ಬೈತೀನಿ. ಬೈದ್ರೂ ಒತ್ತು."

"ನಾನಿನ್ನೂ ಹೂಂ ಅಂದಿಲ್ಲ" ಎಂದಳು ಬ್ರೈಡಿ. "ಬೀಕನ್ ಬಾಡಿಗೆಗೆ ಸಿಗೋದು ಐವರ್ ಅಂಗಡೀಲಿ. ಗುಂಡಿ ಒತ್ತಿದ್ರೆ ಬರೋನೂ ಅವನೇ. ನೀನೇ ಬಂದು ಅವನ ಎದುರಿಗೆ ಹೇಳು, ಮಗು ಒತ್ತಿದ್ರೆ ಮಂಡಿ ತರಚಿದ್ರೂ ಬಾ ಅಂತ. ಆಮೇಲೆ ನೋಡೋಣ."

ಮೇವಿಸ್‌ಳನ್ನು ಮಣ್ಣು ಮಾಡಿದ ಮೇಲೆ ಡರ್ಮಟ್ ಆ ಅಂಗಡಿಯ ಮೆಟ್ಟಿಲು ತುಳಿದಿರಲಿಲ್ಲ. ಐವರ್ ಎದುರಾದರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದ.

ಬ್ರೈಡಿ ಅಲ್ಲೇ ನಿಂತು ಐವರ್‌ಗೆ ಫೋನ್ ಮಾಡಿದಳು. ಮಾತಿನ ನಡುವೆ ಫೋನನ್ನು ಅಂಗೈಯಿಂದ ಮುಚ್ಚಿ ಅಪ್ಪನ ಕಡೆ ತಿರುಗಿದಳು.

"ನಾಳೆ ಬೆಳಗ್ಗೆ ಹತ್ತಕ್ಕೆ ಬನ್ನಿ ಅಂದ. ಆಮೇಲೆ, ಡರ್ಮಟ್ಟೂ ಬರ್ತಾನಾ ಅಂದ."

ಡರ್ಮಟ್ ಗೂಟವನ್ನು ಚೀಲಕ್ಕೆ ಹಾಕಿದ, ತೆಗೆದ, ಮತ್ತೆ ಹಾಕಿದ.

"ಹತ್ತಕ್ಕೆ ಬರ್ತಾನೆ ಅನ್ನು."