ಬೋಣಿ ಕೈ

ಎಣ್ಣೆ, ಇಸ್ಪೀಟ್ ರಾಣಿಯ ಕೆನ್ನೆಯ ಮೇಲೆ ಕೋಳಿ ಸುಕ್ಕದ ಎಣ್ಣೆ, ಅದರೊಳಗೆ ಬೆರಳಿನ ಗೆರೆಗಳು ಕೂಡ ಕಾಣುತ್ತವೆ, ಭಾವನದೇ, ಇನ್ಯಾರದು, ಪಕ್ಕದ ಫ್ಲ್ಯಾಟಿನ ಈಶ್ವರ ಅಂಕಲ್ ಕೋಳಿ ಮುಟ್ಟುವವರಲ್ಲ — ಹೇಸಿಗೆ, ಉಗುರಿನ ತುದಿಯಲ್ಲಿ ಎತ್ತಿ ಎಸೆದೆ, ಆಮೇಲೆ ನನ್ನ ಬಾಯಿ ಎಷ್ಟು ಸಲೀಸಾಗಿ ಹೇಳಿತು, ಹೊಸ ಕಟ್ಟು ಒಡೆಯುವ ಭಾವ, ಇದು ಅಂಟ್ತದೆ. ಒಡಿ ಒಡಿ, ನಮ್ಮ ವಿಜೇತಾ ಮೇಡಮ್ಮಿಗೆ ಎಲ್ಲ ಕ್ಲೀನ್ ಬೇಕು, ಅಕ್ಕನಿಗೆ ತಕ್ಕ ತಂಗಿ, ಎಂದು ಭಾವ ನಕ್ಕರು, ನಗಲಿ, ಇದು ನನ್ನ ಮಡಿ ಅಂದುಕೊಂಡಿದ್ದಾರೆ, ಥೂ, ಯಾವ ಮಡಿ, ಹೊಸ ಕಟ್ಟು ಒಡೆದರೆ ಸಂದೀಪ ಭಾವನಿಗೆ ಅದು ಹೊಸ ಬೋಣಿ, ನನಗೆ ಬೇಕಾದದ್ದು ಅಷ್ಟೆ. ಮುಂಬಯಿ ಫೋರ್ಟಿನ ಇವರ ಹೋಟೆಲಿನ ಗಲ್ಲಾದಿಂದ ಎದ್ದು ನೇರ ಈ ಮೇಜಿಗೆ ಬಂದ ಕಾನೂನು ಅದು, ಬೆಳಗಿನ ಮೊದಲ ಗಿರಾಕಿಯನ್ನು ವಾಪಸು ಕಳಿಸ್ಲಿಕ್ಕಿಲ್ಲ ಮಾರಾಯ್ತಿ, ಅವ ಅರ್ಧ ಚಾ ಕೇಳಲಿ, ಬರೀ ಬಿಸಿನೀರು ಕೇಳಲಿ, ಕೂರಿಸಿ ಕೊಡ್ಬೇಕು, ಹಾಗೇ ಹೊಸ ಕಟ್ಟಿನ ಮೊದಲ ಕೈ ಬಿಸಾಡ್ಲಿಕ್ಕಿಲ್ಲ, ಎಂಥ ಎಲೆ ಬರಲಿ, ಕೊನೆಯವರೆಗೆ ಆಡ್ಬೇಕು. ಪೋಕರ್‌ನಲ್ಲಿ ಆಡುವುದಕ್ಕಿಂತ ಬಿಸಾಡುವುದೇ ಹೆಚ್ಚು, ಅದು ಮೊದಲನೇ ಪಾಠ, ಇವರಿಗೆ ಬಿಸಾಡುವುದೆಂದರೆ ಬಾಗಿಲಿಗೆ ಬಂದವನನ್ನು ಅಟ್ಟಿದ ಹಾಗೆ, ಮತ್ತು ನಾನು, ಅದನ್ನು ಕಂಡುಹಿಡಿದ ದಿನದಿಂದ, ಚಾ ಆದ ಮೇಲೊಮ್ಮೆ ಅಂಟು, ಊಟ ಆದ ಮೇಲೊಮ್ಮೆ ಅಂಟು, ಬೆವರಿಗೆ ಅಂಟು ಅಂತ ಕಟ್ಟು ಬದಲಿಸಿ, ಒಂದೇ ಭಾನುವಾರದಲ್ಲಿ ಅವರಿಗೆ ಎಷ್ಟು ಬೆಳಗು ಮಾಡಿ ಕೊಟ್ಟಿದ್ದೇನೋ.

ಓದು ಅಂತ ಹೇಳಿಕೊಳ್ಳುವುದು ಇದನ್ನೇ ಅಲ್ಲವೇ, ವಿಮಾ ಕಂಪನಿಯ ಕೆಲಸ ಬಿಟ್ಟು ಜೋಗೇಶ್ವರಿಯ ಬಾಡಿಗೆ ಕೋಣೆಯಲ್ಲಿ, ಕೆಳಗಿನ ಗಾಳಾದಲ್ಲಿ, ಆ ಸಣ್ಣ ಕಾರ್ಖಾನೆಯಲ್ಲಿ, ದಿನವಿಡೀ ತಗಡು ಕತ್ತರಿಸುವ ಸದ್ದು, ಮೇಲೆ ನಾನು, ಲ್ಯಾಪ್‌ಟಾಪು, ಯಾವ ಎಲೆ ಬಂದರೆ ಎಷ್ಟು ಸಂಭವ, ಯಾವಾಗ ಏರಿಸಬೇಕು, ಯಾವಾಗ ಬಿಡಬೇಕು, ಒಂದು ಸಂಜೆ ಯಾರು ಬೇಕಾದರೂ ಗೆಲ್ಲಬಹುದು, ಕತ್ತೆಯೂ ಗೆಲ್ಲಬಹುದು, ವರ್ಷಗಟ್ಟಲೆ ಆಡಿದರೆ ಮಾತ್ರ ಓದಿದವರ ಕಡೆಗೇ ಇಳಿಜಾರು, ಅದು ಸುಳ್ಳಲ್ಲ, ಆದರೆ ಪಾಠದ ಬಾಲದಲ್ಲಿ ಇನ್ನೊಂದಿತ್ತು, ಕೆಟ್ಟದಾಗಿ ಆಡುವವನನ್ನು ತಿದ್ದಬೇಡ, ಹೊಗಳು, ನಗಿಸು, ಅವನು ಮುಂದಿನ ವಾರವೂ ಬರಬೇಕು — ಅದನ್ನೂ ಓದಿದೆ, ಅದನ್ನೇ ಚೆನ್ನಾಗಿ ಓದಿದೆ. ಆನ್‌ಲೈನ್ ಆಟ ಬಂದ್ ಆದ ಮೇಲೆ ಉಳಿದದ್ದು ಮಲಾಡಿನ ಅಕ್ಕನ ಮನೆಯ ಈ ಮೇಜು, ನನ್ನ ಅನ್ನ ಅಂದರೆ ಭಾವ, ಅಕ್ಕನ ಗಂಡ, ನನ್ನನ್ನು ಊರಿಂದ ಕರೆದುಕೊಂಡು ಬಂದು ಕಾಲೇಜಿಗೆ ಸೇರಿಸಿದವರು. ನಿಮ್ಮ ಕೈಗುಣ ಬೇರೆಯೇ ಭಾವ, ಅಂತ ಎಷ್ಟು ಸಲ ಹೇಳಿದ್ದೇನೆ, ನಾಲಿಗೆಗೆ ಹಳಸಿದ ಸಾರಿನ ರುಚಿ. ಹಾಗಂತ ಒಳಗಿಂದ ಹೇಳ್ತದೆ ಅನ್ನುವ ಇವರ ಒಳಮನಸ್ಸು ಪೂರ್ತಿ ಸುಳ್ಳೂ ಅಲ್ಲ, ಗಲ್ಲಾದಲ್ಲಿ ಕೂತು ನೋಡಬೇಕು ಇವರನ್ನು, ಆ ಮೂಲೆಯವ ಬಿಲ್ ಕೊಡದೆ ಹೋಗ್ತಾನೆ ನೋಡು ಅಂದರೆ ಹೋಗಿಯೇ ಹೋಗುತ್ತಾನೆ, ಯಾಕೆಂದರೆ ಅಲ್ಲಿ ತಪ್ಪಾದರೆ ಅದೇ ಸಂಜೆ ಗೊತ್ತಾಗುತ್ತದೆ, ತಿದ್ದಿಕೊಳ್ಳುತ್ತಾ ಬಂದ ಮನಸ್ಸು ಅದು, ಇಲ್ಲಿ ಯಾರು ಹೇಳುತ್ತಾರೆ, ಬೋರಲು ಬಿದ್ದ ಎಲೆ ಯಾರ ಮುಂದೂ ಬಾಯಿ ಬಿಡುವುದಿಲ್ಲ, ಸೋತದ್ದಕ್ಕೆ ಗ್ರಹಚಾರ, ಗೆದ್ದದ್ದಕ್ಕೆ ಒಳಗಿಂದ ಹೇಳಿತು, ಮತ್ತೆ ಪಕ್ಕದಲ್ಲಿ ತಲೆಯಾಡಿಸಲಿಕ್ಕೆ ಓದಿದ ನಾದಿನಿ.

ಅಡುಗೆಮನೆಯಲ್ಲಿ ಸೇವಂತಿ ಅಕ್ಕ ನೀರುದೋಸೆಯ ಹಿಟ್ಟಿಗೆ ಕೈ ಹಾಕಿಕೊಂಡೇ ಅಂದಿದ್ದಳು, ಸ್ವಲ್ಪ ಹೊತ್ತಿನ ಮುಂಚೆ, ನಾಳೆ ಇವರು ಹೋಟೆಲಿನ ಪಾಲು ಇವರ ಅಣ್ಣನಿಗೆ ಬಿಟ್ಟುಕೊಡ್ತಾರಂತೆ, ಬಂದದ್ದನ್ನು ಹಿಡ್ಕೊಂಡು ಗೋವಾದ ಕ್ಯಾಸಿನೋಕ್ಕೆ, ಇನ್ನು ಇದೇ ಇಸ್ಪೀಟ್ ದಂಧೆಯಂತೆ, ನಾನು ಹೇಳಿದ್ರೆ ನಿನಗೆಂತ ಗೊತ್ತುಂಟು ಅಂತಾರೆ, ನೀನು ಓದಿದವಳು, ಆಗುವುದಿಲ್ಲ ಅಂತ ನೀನೊಮ್ಮೆ ಹೇಳು ಸಾಕು. ನಾನು ನಲ್ಲಿ ತಿರುಗಿಸಿ ಕೈ ತೊಳೆದೆ, ತೊಳೆದೇ ತೊಳೆದೆ. ಈಗ ಹೊಸ ಕಟ್ಟಿನ ಮೊದಲ ಎಲೆ ಹಂಚಿದ್ದಾರೆ, ತಲೆಗೆ ಎರಡೆರಡು, ನನ್ನದರ ಮೂಲೆ ಎತ್ತಿದರೆ ರಾಜ, ಇನ್ನೊಂದೂ ರಾಜ, ಎಕ್ಕದ ಜೋಡಿ ಬಿಟ್ಟರೆ ಇದಕ್ಕಿಂತ ದೊಡ್ಡದಿಲ್ಲ, ಖುಷಿಪಟ್ಟೆ, ನಾಚಿಕೆಗೆಟ್ಟವಳು. ನಂದ್ ಮುಗೀತಪಾ, ನಮ್ಮ ನಸೀಬ್ದಾಗ ಬರೇ ಕಸ, ಎಂದು ಈಶ್ವರ ಅಂಕಲ್ ಎಲೆ ಎಸೆದು ಚುರುಮುರಿಗೆ ಕೈ ಹಾಕಿದರು, ಸಂದೀಪಣ್ಣಾ, ನಾಳಿ ಗೋವಾಕ್ಕ ಹೊಂಟೀಯಂತಲ್ಲೋ, ಹೌದೇನು? ಹೌದು ಸಾಹೇಬ್ರೇ, ಹಾಂ ವಿಜೇತಾ, ನೀನೇ ಹೇಳು, ಮುಖಸ್ತುತಿ ಬೇಡ, ನನ್ನ ಕೈಯಲ್ಲಿ ಆಗ್ತದಾ ಇಲ್ವಾ? ದೋಸೆ ಕಾವಲಿಯ ಚುಂಯ್ ನಿಂತಿತು, ಅಕ್ಕ ಬಾಗಿಲಿಗೆ ಬಂದಿದ್ದಾಳೆ, ಹೇಳು, ಹೇಳಿದರೆ ಮುಂದಿನ ಭಾನುವಾರ ಇಲ್ಲ, ಮೇಜಿಲ್ಲ, ಹೇಳು — ಆಗುವುದಿಲ್ಲ ಭಾವ, ಅಂದೆ. ನೀವು ಚೆನ್ನಾಗಿ ಆಡುವುದಿಲ್ಲ, ಇಷ್ಟು ದಿನ ನಾನು ಹೊಗಳಿದ್ದು ನಿಮ್ಮ ದುಡ್ಡಿಗೆ, ಕಟ್ಟು ಬದಲಿಸಿದ್ದೂ ಅದಕ್ಕೇ, ನಿಮ್ಮ ಬೋಣಿಯ ಹುಚ್ಚು ನನಗೆ ಗೊತ್ತು, ಪಾಲು ಬಿಡಬೇಡಿ. ಅಷ್ಟನ್ನೂ ಹೇಳಿದೆ, ಒಂದೇ ಉಸಿರಿಗೆ, ಭಾವನ ಭುಜ ಕುಲುಕಲು ಶುರುವಾಯಿತು, ನಗು, ಹೊಟ್ಟೆ ಹಿಡಿದುಕೊಂಡು ನಗು, ನೋಡಿ ಸಾಹೇಬ್ರೇ ಇವಳ ಆಟ, ನನ್ನನ್ನು ಹೆದರಿಸಿ ಎಲೆ ಬಿಡಿಸ್ಲಿಕ್ಕೆ ನೋಡ್ತಾಳೆ, ಇಷ್ಟು ಮಾತಾಡ್ತಾಳೆ ಅಂದ್ರೆ ಕೈಯಲ್ಲಿ ಎಂತದೂ ಇಲ್ಲ, ನಿನ್ನ ಮುಖ ನಾನು ನಿನ್ನೆ ಮೊನ್ನೆ ನೋಡಿದ್ದಲ್ಲ ಮಾರಾಯ್ತಿ, ಒಳಗಿಂದ ಹೇಳ್ತಾ ಉಂಟು ನನಗೆ. ಮುಂದಿದ್ದ ಪಣದ ಬಿಲ್ಲೆ, ಆ ಚಿಪ್ಸೆಲ್ಲ ಎರಡೂ ತೋಳಿನಿಂದ ನಡುವಿಗೆ ದೂಡಿದರು, ಎಲೆ ನೋಡಲೂ ಇಲ್ಲ, ನಾನು ಎಲೆ ಬಿಟ್ಟರೆ ಅವರ ಒಳಮನಸ್ಸು ಗೆದ್ದ ಹಾಗೆ, ಹಿಡಿದು ಗೆದ್ದರೆ ಗ್ರಹಚಾರ ಅನ್ನುತ್ತಾರೆ, ನಾಳೆ ಹೇಗೂ ಹೋಗುತ್ತಾರೆ, ಇದಕ್ಕೆ ಯಾವ ಪಾಠವೂ ಇಲ್ಲ, ಭಾವ ಅಂದೆ, ಕೇಳಿಸಲಿಲ್ಲ, ಎರಡು ಎಲೆಗಳನ್ನು ಜೋಡಿಸಿ ಎತ್ತಿ, ಗಿರಾಕಿ ಕೊಟ್ಟ ಮೊದಲ ನೋಟನ್ನು ಒತ್ತಿಕೊಂಡ ಹಾಗೆ ಕಣ್ಣಿಗೆ ಒತ್ತಿಕೊಂಡಿದ್ದಾರೆ, ಭಕ್ತಿಯಿಂದ, ಮುಚ್ಚಿದ ರೆಪ್ಪೆಯ ಮೇಲೆ ಹೊಸ ಎಲೆ, ತೆಗೆಯುತ್ತಿಲ್ಲ, ಅಕ್ಕ ನನ್ನನ್ನೇ ನೋಡುತ್ತಿದ್ದಾಳೆ, ಮುಚ್ಚಿದ ರೆಪ್ಪೆ, ಅದರ ಮೇಲೆ ಎಲೆ, ಮುಚ್ಚಿದ ರೆಪ್ಪೆ —