ಪಿಕ್‌ನಿಕ್ ಪುಸ್ತಕದ ಬಾವಿಗಳು

ಪಾತ್ರೆಯ ಹಿಡಿ ಟವೆಲ್ಲಿನೊಳಗಿಂದಲೂ ಕೈ ಸುಡುತ್ತಿದೆ, ಮೂರನೆಯ ಮಹಡಿಗೆ ಇನ್ನೂ ಹದಿನಾಲ್ಕು ಮೆಟ್ಟಿಲು, ತಲೆ ನೆಟ್ಟಗಿರುವವಳು ಯಾರಾದರೂ ಇಂಥ ದಿನ ಬಟಾಣಿ ಸೂಪು ಹೊತ್ತುಕೊಂಡು ಹತ್ತುತ್ತಾಳೆಯೇ, ಆದರೆ ಇವತ್ತು ಗುರುವಾರ, ಮಾರ್ಗಿಟ್‌ಳ ಸರದಿ, ಆರು ವರ್ಷದಿಂದ ವಿಶ್ವವಿದ್ಯಾಲಯದ ನೀರಿನ ಸಂಶೋಧನೆಯ ಗುಂಪಿನವರು ಗುರುವಾರ ಮಧ್ಯಾಹ್ನ ಒಟ್ಟಿಗೆ ಉಣ್ಣುವುದು, ಸರದಿಯಂತೆ ಒಬ್ಬರು ಸೂಪು ತರುವುದು — ಬೆಳಿಗ್ಗೆ ಅದನ್ನು ಒಲೆಗಿಡುವಾಗ ಅವಳ ನೌಕರಿ ಇನ್ನೂ ಹೋಗಿರಲಿಲ್ಲ. ಹತ್ತು ಗಂಟೆಗೆ ಇತಿಹಾಸ ವಿಭಾಗದ ಮುಖ್ಯಸ್ಥ ಕರೆಸಿದ, ಕೂತ್ಕೊಳ್ಳಿ ಮಾರ್ಗಿಟ್, ಅಂದ, ಆ ಕೂತ್ಕೊಳ್ಳಿಯಲ್ಲೇ ಗೊತ್ತಾಯಿತು, ವಿಭಾಗದವರು ಮತ ಹಾಕಿದ್ರು, ನಾಲ್ಕು ಜನ ನಿಮ್ಮ ಕಡೆ, ಒಂಬತ್ತು ಜನ ಬೇಡ ಅಂದ್ರು, ಕಾಯಂ ಆಗಲ್ಲ, ಇನ್ನೊಂದು ವರ್ಷ ಪಾಠ ಮಾಡಬಹುದು, ಆಮೇಲೆ, ಅಂದು ಕನ್ನಡಕ ಒರೆಸಿಕೊಂಡ. ಬಾವಿ ನಕ್ಷೆ? ನಾನು ಮಾಡಿದ ಆ ನಕ್ಷೆ ನೋಡಿಲ್ವಾ ನೀವು ಯಾರೂ, ಅಂದಳು. ನೋಡಿದ್ವಿ, ಆದ್ರೆ ಅದರಲ್ಲಿ ನಿಮ್ದು ಎಷ್ಟು ಅಂತ ಪ್ರಶ್ನೆ ಬಂತು, ನಿಮ್ಮ ಗುಂಪಿನ ಹಾರ್ಲನ್ ಅವರೇ ಬರೆದಿದಾರಲ್ಲ, ಎಂದು ಕಾಗದ ತೆಗೆದು ಓದಿದ — ಮೂಲ ಕಲ್ಪನೆ ಇಂಜಿನಿಯರ್ ಟೆಸ್ ಮರ್ಲೋ ಅವರದು, ಮಾರ್ಗಿಟ್ ಹಾಲ್ವರ್ಸನ್ ದಾಖಲೆಗಳನ್ನು ಒದಗಿಸಿ ನೆರವಾದರು. ನೆರವಾದರು! ಮದುವೆ ಮನೆಯಲ್ಲಿ ಕುರ್ಚಿ ಸರಿಸಿಕೊಟ್ಟವರ ಹಾಗೆ ನೆರವಾದರು.

ಹಾರ್ಲನ್ — ಗುಂಪಿನ ಹಿರಿಯ, ಗುಂಪನ್ನು ಕಟ್ಟಿದವನು, ಅವಳನ್ನು ಒಹಾಯೋದ ಆ ಪುಟ್ಟ ಕಾಲೇಜಿನ ಕಾಯಂ ಕೆಲಸದಿಂದ ಎಬ್ಬಿಸಿಕೊಂಡು ಬಂದವನು, ಅಲ್ಲಿ ಸೇಬಿನ ಮರದ ಕೆಳಗೆ ನಿಂತು ಎಷ್ಟು ಸಿಹಿಯಾಗಿ ಹೇಳಿದ್ದ, ಮೂರು ಜನರನ್ನ ಒಂದೇ ಸಲಕ್ಕೆ ತಗೋತಿದೀವಿ, ಒಬ್ಬ ಇಂಜಿನಿಯರ್, ಒಬ್ಬ ಡಾಕ್ಟರ್, ಒಬ್ಬ ಇತಿಹಾಸದವರು, ಮೂವರಿಗೂ ಒಂದೇ ವಿಷಯ, ನೀರು, ನಮ್ಮಲ್ಲಿ ಗೋಡೆ ಇಲ್ಲ ಮಾರ್ಗಿಟ್, ಮೂರು ಜನ ಕೂಡಿ ಬರೆದದ್ದು ಮೂವರಿಗೂ ಪೂರ್ತಿ ಸಲ್ಲುತ್ತೆ. ಅವಳು ನಂಬಿದಳು, ನಂಬುವುದಕ್ಕೇ ಕಾಯುತ್ತಿದ್ದವಳಂತೆ ನಂಬಿದಳು. ಕರೆಯುವುದು ಗುಂಪು, ಉಳಿಸಿಕೊಳ್ಳುವುದು ಬಿಡುವುದು ಮಾತ್ರ ಅವರವರ ವಿಭಾಗ, ಆ ವಿಭಾಗ ಕೇಳುವುದು ಒಂದೇ, ಇದರಲ್ಲಿ ನಿನ್ನೊಬ್ಬಳದು ಯಾವುದು — ಇದು ಡಾಕ್ಟರ್ ಯೂಜೀನನಿಗೆ ಎರಡನೇ ವರ್ಷಕ್ಕೇ ಹೊಳೆದು ಕಂಬಿ ಕಿತ್ತ, ಜಾಣ, ಇವಳು ಉಳಿದಳು, ಲುಥೆರನ್ ಚರ್ಚುಗಳ ನೆಲಮಾಳಿಗೆಗಳಲ್ಲಿ ಕೂತು ಸೀನುತ್ತಾ ಹೆಂಗಸರ ಸಂಘದ ಹಳೆಯ ಪುಸ್ತಕಗಳನ್ನು ಓದುತ್ತಾ, ಪ್ರತಿ ಬೇಸಿಗೆ ಪಿಕ್‌ನಿಕ್ ಯಾರ ಹೊಲದಲ್ಲಿ, ಆಲೂಗಡ್ಡೆ ಸಲಾಡ್ ಯಾರದು, ಕಾಫಿಗೆ ನೀರು ಯಾರ ಬಾವಿಯದು, ಎಲ್ಲ ಬರೆದಿಟ್ಟಿದ್ದರು ಆ ಪುಣ್ಯಾತ್ಗಿತ್ತಿಯರು, ನೂರು ವರ್ಷದ್ದು, ಸರ್ಕಾರದ ಪಟ್ಟಿಯಲ್ಲೇ ಇಲ್ಲದ, ಹಲಗೆ ಮುಚ್ಚಿ ಮರೆತ ಇನ್ನೂರ ಹನ್ನೆರಡು ಬಾವಿ ಅವಳ ನಕ್ಷೆಗೆ ಸಿಕ್ಕವು, ಗೊಬ್ಬರದ ವಿಷ ಸೀದಾ ಅಂತರ್ಜಲಕ್ಕೆ ಇಳಿಯುತ್ತಿದ್ದುದು ಅವುಗಳ ಬಾಯಿಂದಲೇ. ಟೆಸ್ ಬಿದ್ದು ಬಿದ್ದು ನಕ್ಕಿದ್ದಳು, ಪಿಕ್‌ನಿಕ್ ಪುಸ್ತಕದಲ್ಲಿ ಬಾವಿ ಹುಡುಕ್ತೀಯೇನೇ ಹುಚ್ಚಿ? ನಕ್ಕವಳದು ಮೂಲ ಕಲ್ಪನೆ. ಹೋದ ವಸಂತದಲ್ಲಿ ಟೆಸ್ ಕಾಯಂ ಆದಾಗ ರೂಬಾರ್ಬ್ ದಂಟಿನ ಸಿಹಿ ಕಡುಬು ಮಾಡಿಕೊಂಡು ಹೋದವಳು ಯಾರು, ಎರಡು ಗ್ಲಾಸ್ ವೈನ್ ಕುಡಿದು ಅವಳನ್ನು ತಬ್ಬಿಕೊಂಡು ಅತ್ತವಳು ಯಾರು, ತಬ್ಬಿಕೊಂಡಾಗ ಟೆಸ್ ಯಾಕೆ ಅಷ್ಟು ಬೇಗ ಬಿಡಿಸಿಕೊಂಡಳು, ಆಗ ಯಾಕೆ ಕೇಳಲಿಲ್ಲ, ಪೆದ್ದಿ, ಪೆದ್ದಿ.

ಗುಂಪಿನ ಕೋಣೆಯ ಬಾಗಿಲನ್ನು ಮೊಣಕೈಯಿಂದ ತಳ್ಳಿದಳು, ಹಾರ್ಲನ್, ಟೆಸ್ ಇಬ್ಬರೂ ಇದ್ದಾರೆ, ಅಬ್ಬಾ ಘಮ ಅಂತಿದೆ, ಎಂದು ಹಾರ್ಲನ್ ಬಟ್ಟಲುಗಳನ್ನು ಮುಂದೆ ಸರಿಸಿದ, ಆರು ವರ್ಷದ ಅಭ್ಯಾಸ, ಕೈ ತಾನೇ ಸೌಟು ಹಿಡಿಯಿತು, ಬಡಿಸಿತು, ಬಡಿಸುತ್ತಲೇ ಕೇಳಿದಳು, ಹಾರ್ಲನ್, ನಾನು ನೆರವಾದೆನಾ? ಅವನಿಗೆ ಅರ್ಥವಾಗಲು ಎರಡನೇ ಸಲ ಕೇಳಬೇಕಾಗಲಿಲ್ಲ. ನೋಡು ಮಾರ್ಗಿಟ್, ಹೋದ ವರ್ಷ ಟೆಸ್ ಕಾಯಂ ಆಗೋ ಫೈಲಿಗೆ ಹಾಗೆ ಬರ್ದಾಗಿತ್ತು, ಅವರ ವಿಭಾಗಕ್ಕೆ ಒಂದು ಹೆಸರೇ ಬೇಕಿತ್ತು, ಈ ವರ್ಷ ತಿರುಗಿಸಿ ಬರೆದಿದ್ರೆ ಹೋದ ವರ್ಷದ್ದು ಸುಳ್ಳಾಗ್ತಿತ್ತು, ಇಬ್ಬರೂ ಹೋಗ್ತಿದ್ರಿ, ಒಬ್ಬಳಾದ್ರೂ ಉಳೀಲಿ ಅಂತ. ಒಬ್ಬಳು! ಯಾವ ಒಬ್ಬಳು ಎಂದು ಯಾರನ್ನು ಕೇಳಿದ, ಯಾವ ದೇವರು ಅವನ ಕೈಗೆ ತಕ್ಕಡಿ ಕೊಟ್ಟ, ಟೆಸ್ ಮೇಜಿನ ಅಂಚನ್ನು ಕೆರೆಯುತ್ತಿದ್ದಾಳೆ, ನೀನು ಹೇಳೇ ಟೆಸ್, ನಿಂಗೆ ಗೊತ್ತಿರ್ಲಿಲ್ಲ ಅಂತ ಒಂದ್ ಸಲ ಹೇಳು, ನಂಬ್ತೀನಿ — ಗೊತ್ತಿತ್ತು, ಅಂದಳು ಟೆಸ್, ಕಳಿಸೋ ಮುಂಚೆ ತೋರ್ಸಿದ್ರು, ನಿನ್ನ ಸರದಿ ಬರೋ ಹೊತ್ತಿಗೆ ಏನಾದ್ರೂ ದಾರಿ ಸಿಗುತ್ತೆ ಅಂದ್ಕೊಂಡೆ ಕಣೇ. ಒಂದು ಇಡೀ ವರ್ಷ, ಐವತ್ತು ಗುರುವಾರ, ಇದೇ ಮೇಜು, ಇದೇ ಕುರ್ಚಿ, ಅವಳ ಪಕ್ಕದಲ್ಲೇ ಕೂತು ಉಂಡರು. ಪಾತ್ರೆ ಎತ್ತಿಕೊಂಡು ಹೋಗಬೇಕು, ಆದರೆ ನಿಂತೇ ಇದ್ದಾಳೆ, ಯಾಕೆಂದರೆ ಹಾರ್ಲನ್ ಚಮಚ ಎತ್ತಿದ್ದಾನೆ, ಚಮಚದ ತುಂಬ ಅವಳ ಸೂಪು, ತುಟಿ ಮುಂದೆ ಮಾಡಿ ಊದುತ್ತಿದ್ದಾನೆ, ಅದು ಆರಲೆಂದು, ಬಾಯಿ ಸುಡದಿರಲೆಂದು, ಹಾಯಾಗಿ, ಅವಳು ಏನು ಮಾಡುವಳು, ಎಲ್ಲಿಗೆ ಹೋಗುವಳು, ಅವನು ಊದುತ್ತಿದ್ದಾನೆ, ಒಹಾಯೋದಲ್ಲಿ ಆ ಕೆಲಸಕ್ಕೆ ಯಾರೋ ಬಂದು ಎಷ್ಟೋ ವರ್ಷವಾಯಿತು, ತುಟಿ ಮುಂದೆ ಮಾಡಿ ಊದುತ್ತಿದ್ದಾನೆ, ಊದುತ್ತಿದ್ದಾನೆ