ಮಗಳ ಪಾಲಿನ ಮಾತು

ನಿಖಿತಾಳನ್ನು ಯಾರು ಏನು ಕೇಳಿದರೂ ಉತ್ತರ ಹೇಳುತ್ತಿದ್ದವಳು ಅವಳ ತಾಯಿ ವಸಂತಮ್ಮ. ಹೆಸರೇನು ಪುಟ್ಟೀ ಅಂದರೂ ತಾಯಿ, ಎಷ್ಟನೇ ಕ್ಲಾಸು ಅಂದರೂ ತಾಯಿ. "ಅವಳಿಗೆ ಸ್ವಲ್ಪ ನಾಚ್ಕೆ" ಎಂದು ನಕ್ಕು ಮಾತು ಮುಗಿಸುತ್ತಿದ್ದಳು. ಹುಡುಗಿ ಹತ್ತನೇ ಕ್ಲಾಸಿಗೆ ಬಂದರೂ ಅದು ನಿಲ್ಲಲಿಲ್ಲ.

ಎರಡು ಸಾವಿರದ ಮೂರರ ಮಳೆಗಾಲ. ಶಾಲೆ ಮೂಡಿಗೆರೆಯಲ್ಲಿ. ಬಣಕಲ್ ದಾಟಿದ ಮೇಲೆ ಅವರ ತೋಟದ ಗೇಟಿನ ಹತ್ತಿರ ದಿನವೂ ಜೊತೆಯ ಹುಡುಗಿಯರೇ ಬಸ್ಸು ನಿಲ್ಲಿಸುತ್ತಿದ್ದರು, ನಿಖಿತಾ ಅವರ ಹಿಂದೆ ಇಳಿಯುತ್ತಿದ್ದಳು. ಒಂದು ದಿನ ಸ್ಪೆಷಲ್ ಕ್ಲಾಸ್ ಮುಗಿಸಿ ಒಬ್ಬಳೇ ಬಂದಳು. ಗೇಟು ಬಂತು. "ಹೋಲ್ಡಾನ್" ಎಂದು ಕೂಗಬೇಕು, ಅಷ್ಟೆ. ಬಸ್ಸಿನ ತುಂಬ ಜನ. ದನಿ ಹೊರಡಲಿಲ್ಲ. ಬಸ್ಸು ಕೊಟ್ಟಿಗೆಹಾರದಲ್ಲಿ ನಿಂತ ಮೇಲೆ ಇಳಿದು, ಅಷ್ಟು ದೂರವನ್ನೂ ಮಳೆಯಲ್ಲಿ ನಡೆದೇ ವಾಪಸು ಬಂದಳು.

ಬಸ್ಸು ನಿಲ್ಲದೆ ಮುಂದೆ ಹೋದದ್ದನ್ನು ಕಂಡು ಗೇಟಿನಲ್ಲೇ ಹೆದರಿ ಕಾಯುತ್ತಿದ್ದ ವಸಂತಮ್ಮನಿಗೆ ಮಗಳನ್ನು ಕಂಡದ್ದೇ ಸಿಟ್ಟು ನೆತ್ತಿಗೇರಿತು.

"ಬಾಯಲ್ಲಿ ಕಡುಬು ಇಟ್ಕೊಂಡಿದ್ಯೇನೇ? ಒಂದು ಮಾತು ಆಡೋಕೆ ಆಗಲ್ವಾ ನಿಂಗೆ?"

ತೋಟದ ಕೆಲಸ ಮುಗಿಸಿ ತಮ್ಮ ಲೈನುಮನೆಗಳಿಗೆ ಹೊರಟಿದ್ದ ಆಳು ಹೆಂಗಸರೆಲ್ಲ ನಿಂತು ನೋಡಿದರು. "ಹೋಗ್ಲಿ ಬಿಡಿ ಅಮ್ಮಾ, ಮಗು ನಡುಗ್ತಾ ಇದೆ" ಎಂದು ಅವರಲ್ಲೊಬ್ಬಳು, ಗಿಡ್ಡಮ್ಮ, ತನ್ನ ಕಂಬಳಿ ಹೊದಿಸಿದಳು.

ಮರುದಿನ ಜ್ವರ ಕಾಣಿಸಿಕೊಂಡಿತು. ವಸಂತಮ್ಮ ಮಗಳನ್ನು ಮೂಡಿಗೆರೆಯ ಡಾಕ್ಟರ್ ರುದ್ರಾಣಿಯವರ ಹತ್ತಿರ ಕರೆದೊಯ್ದಳು.

"ಏನಮ್ಮಾ, ಏನಾಗ್ತಿದೆ?" ಡಾಕ್ಟರ್ ನಿಖಿತಾಳನ್ನು ಕೇಳಿದರು.

"ಜ್ವರ ಮೇಡಂ. ಗಂಟಲು ನೋವು, ಇವಳಿಗೆ ಯಾವಾಗ್ಲೂ ಗಂಟಲೇ" ಎಂದಳು ವಸಂತಮ್ಮ.

"ಜ್ವರ ನಿಮಗೋ, ಅವಳಿಗೋ?"

ವಸಂತಮ್ಮ ನಕ್ಕಳು. ಡಾಕ್ಟರ್ ನಗಲಿಲ್ಲ. ನಿಖಿತಾ ಅಭ್ಯಾಸದಂತೆ ಅಮ್ಮನ ಮುಖ ನೋಡಿದಳು. ಡಾಕ್ಟರ್ ಅವಸರ ಮಾಡದೆ ಎದ್ದುಹೋಗಿ ಕೈ ತೊಳೆಯತೊಡಗಿದರು. ಸುಮ್ಮನೆ ಕೂರುವುದು ಇಷ್ಟು ಕಷ್ಟವೆಂದು ವಸಂತಮ್ಮನಿಗೆ ಗೊತ್ತೇ ಇರಲಿಲ್ಲ.

"ಗಂಟಲಲ್ಲ" ಎಂದಳು ನಿಖಿತಾ ಕೊನೆಗೆ. "ಕಿವಿ. ಎಡಗಡೆದು."

"ಯಾವಾಗಿಂದ?"

"ಬೇಸಿಗೆ ರಜದಿಂದ. ರಾತ್ರಿ ಸೋರುತ್ತೆ."

ವಸಂತಮ್ಮನಿಗೆ ನೆನಪಾಯಿತು. ಬೇಸಿಗೆಯಲ್ಲಿ ಇದೇ ಕುರ್ಚಿಯಲ್ಲಿ ಕೂತು ಗಂಟಲು ಎಂದು ಹೇಳಿದ್ದವಳು ತಾನೇ. ಅದಕ್ಕೆ ಮಾತ್ರೆ ನುಂಗಿಸಿದ್ದವಳೂ ತಾನೇ. ಮಗಳು ಆಗಲೂ ಪಕ್ಕದಲ್ಲೇ ಕೂತಿದ್ದಳು, ತಲೆ ತಗ್ಗಿಸಿಕೊಂಡು.

ಡಾಕ್ಟರ್ ಟಾರ್ಚು ಹಾಕಿ ನೋಡಿ, ಕಿವಿಯ ತಮಟೆಗೆ ಪೆಟ್ಟಾಗಿಲ್ಲ, ಮದ್ದಿನಿಂದ ವಾಸಿಯಾಗುತ್ತದೆ ಎಂದರು. ವಸಂತಮ್ಮನಿಗೆ ಸಮಾಧಾನವಾಗಲಿಲ್ಲ. ದಿನಕ್ಕೆ ಮೂರು ಹೊತ್ತು ಮಗಳ ಕಿವಿಗೆ ಹನಿ ಬಿಡುವಾಗಲೆಲ್ಲ ಗೇಟಿನಲ್ಲಿ ತಾನು ಕೂಗಿದ ಮಾತು ತನಗೇ ಬಂದು ಚುಚ್ಚುತ್ತಿತ್ತು. ಇವಳ ಬಾಯಿ ಕಟ್ಟಿದವಳು ನಾನು, ಬಾಯಿಲ್ಲ ಎಂದು ಬೈದವಳೂ ನಾನು.

ಆ ವಾರವೇ ನಾದಿನಿ ಸರೋಜಮ್ಮ ಬಾಳೂರಿನಿಂದ ಬಂದಳು. ತಿಂಡಿಗೆ ಕೂತವಳು, "ಮುಂದೆ ಏನು ಓದ್ತೀಯೇ ಹುಡ್ಗೀ?" ಎಂದಳು.

ಸೈನ್ಸ್ ಎಂಬ ಮಾತು ವಸಂತಮ್ಮನ ನಾಲಿಗೆಗೆ ಬಂದೇಬಿಟ್ಟಿತ್ತು. ತುಟಿ ಕಚ್ಚಿ ಹಿಡಿದಳು.

"ಏನತ್ತಿಗೆ, ಇಬ್ರೂ ಮೌನವ್ರತ ಹಿಡಿದಿದ್ದೀರಾ?"

"ಅವಳನ್ನೇ ಕೇಳು ಮಾರಾಯ್ತೀ."

ನಿಖಿತಾ ತಟ್ಟೆಯ ಅಂಚನ್ನು ಒತ್ತಿ ಹಿಡಿದು, "ಸೈನ್ಸ್ ಬೇಡ ಅತ್ತೆ. ಏನು ಅಂತ ಗೊತ್ತಿಲ್ಲ ಇನ್ನೂ" ಎಂದಳು.

ಊರಿಗೆಲ್ಲ ಸೈನ್ಸ್ ಎಂದು ಸಾರಿಕೊಂಡು ಬಂದಿದ್ದ ವಸಂತಮ್ಮನ ಮುಖ ಸಣ್ಣದಾಯಿತು. ಸರೋಜಮ್ಮ ಕೈ ತೊಳೆಯಲು ಎದ್ದಮೇಲೆ, "ನಂಗೆ ಮೊದ್ಲೇ ಹೇಳ್ಬಾರ್ದಿತ್ತಾ ಮಗಾ?" ಎಂದು ಕೇಳಿದಳು.

"ಯಾವಾಗ ಹೇಳ್ಲಿ ಅಮ್ಮ?"

ಅದರಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದಂತಿತ್ತು. ಅದಕ್ಕೇ ವಸಂತಮ್ಮನಿಗೆ ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ಒಲೆಯ ಮೇಲಿದ್ದ ಬಾಣಲೆ ಇಳಿಸಿ, ಮಗಳ ಎದುರಿಗೆ ಬಂದು ಕೂತಳು.

"ಈಗ ಹೇಳು."

ನಿಖಿತಾ ಶುರುಮಾಡಿದಳು. ನಾಲ್ಕು ಮಾತಿಗೇ ತಡವರಿಸಿ, ಪದ ಸಿಗದೆ ನಿಂತಳು. ಅದು ಯಾವ ಪದವೆಂದು ವಸಂತಮ್ಮನಿಗೆ ಗೊತ್ತಿತ್ತು. ಹೇಳಲಿಲ್ಲ.